ಒಗೆಯೋ ಲೆಕ್ಕ: ಯಾವ ಬಟ್ಟೆ, ಎಷ್ಟು ದಿನಕ್ಕೊಮ್ಮೆ?

ಹಾಸ್ಟೆಲ್ಲಿನ ಪ್ರತಿ ರೂಮಿನಲ್ಲೂ ಯಾರೂ ಕೂರದ ಒಂದು ಕುರ್ಚಿ ಇರುತ್ತೆ. ಅದರ ಮೇಲೆ ಬಟ್ಟೆಯ ಗುಡ್ಡ. ಆ ಗುಡ್ಡದಲ್ಲಿರೋದು ಪೂರ್ತಿ ಕೊಳೆಯೂ ಅಲ್ಲ, ಪೂರ್ತಿ ಶುಭ್ರವೂ ಅಲ್ಲ. "ಇನ್ನೊಂದು ಸಲ ಹಾಕ್ಕೋಬಹುದು" ಅನ್ನೋ ಮೂರನೇ ವರ್ಗ. ಬೆಳಿಗ್ಗೆ 8.50ಕ್ಕೆ, ಒಂಬತ್ತರ ಕ್ಲಾಸಿಗೆ ಓಡೋ ಮುಂಚೆ, ಅದರಲ್ಲೊಂದನ್ನ ಎಳೆದು ಮೂಗಿನ ಹತ್ತಿರ ಹಿಡಿದು ಪಾಸು, ಫೇಲು ಅಂತ ತೀರ್ಮಾನ ಮಾಡೋದು ನಮ್ಮೆಲ್ಲರಿಗೂ ಗೊತ್ತಿರೋ ಪರೀಕ್ಷೆ. ಈ ಸಲದ ಪಾಠ ಆ ಪರೀಕ್ಷೆಯ ಬಗ್ಗೆ, ಮತ್ತು ಅದು ಯಾಕೆ ಸಾಕಾಗಲ್ಲ ಅನ್ನೋದರ ಬಗ್ಗೆ.

ಮೊದಲೇ ವಿಷಯ ಹೇಳಿಬಿಡ್ತೀವಿ. ನಾಲ್ಕು ಜನಕ್ಕೆ ಕಾಣೋ ಬಟ್ಟೆಗಳನ್ನ ನಾವು ಬೇಕಾದ್ದಕ್ಕಿಂತ ಜಾಸ್ತಿ ಒಗೀತೀವಿ: ಜೀನ್ಸು, ಜಾಕೆಟ್ಟು, ಹೂಡಿ. ಯಾರಿಗೂ ಕಾಣದ ಬಟ್ಟೆಗಳನ್ನ ಮರೆತೇ ಬಿಡ್ತೀವಿ: ಬೆಡ್‌ಶೀಟು, ದಿಂಬಿನ ಕವರು, ಟವೆಲ್ಲು, ರಾತ್ರಿ ಹಾಕೋ ಶಾರ್ಟ್ಸು. ಚರ್ಮವನ್ನ ಕೇಳಿದ್ರೆ ಈ ಕ್ರಮ ಪೂರ್ತಿ ತಲೆಕೆಳಗು. ಯಾವ ಬಟ್ಟೆ ನಮ್ಮ ಮೈಗೆ ಜಾಸ್ತಿ ಹೊತ್ತು ಅಂಟಿಕೊಂಡಿರುತ್ತೋ ಅದಕ್ಕೆ ಮೊದಲು ನೀರು ಸಿಗಬೇಕು.

ಇದು ಬರೀ ವಾಸನೆಯ ಪ್ರಶ್ನೆ ಆಗಿದ್ದಿದ್ರೆ ಒಂದು ಡಿಯೋಡರೆಂಟ್ ಬಾಟಲಿಯಲ್ಲಿ ಮುಗಿದುಹೋಗ್ತಿತ್ತು. ಆದ್ರೆ ಹಾಸ್ಟೆಲ್ ಅನ್ನೋದು ಒಂದೇ ಹಗ್ಗ, ಒಂದೇ ಬಕೆಟ್ಟು, ಕೆಲವು ಸಲ ಒಂದೇ ಟವೆಲ್ಲು ಹಂಚಿಕೊಳ್ಳೋ ಜಾಗ. ಇಲ್ಲಿ ಒಬ್ಬರಿಗೆ ಗಜಕರ್ಣ ಶುರುವಾದ್ರೆ ಸೆಮಿಸ್ಟರ್ ಮುಗಿಯೋದರೊಳಗೆ ರೂಮಿಗೆಲ್ಲ ಹಬ್ಬಬಹುದು. ಆದ್ದರಿಂದ ಈ ಪಾಠ. ವಿಟಿಯು ಅಭ್ಯಾಸದಂತೆ ಐದು ಮಾಡ್ಯೂಲ್ ಮಾಡಿದ್ದೀವಿ. ಚಾಯ್ಸಿನಲ್ಲಿ ಬಿಡೋ ಹಾಗಿಲ್ಲ.

ಮಾಡ್ಯೂಲ್ 1: ಕೊಳೆ ಅಂದ್ರೆ ಏನು?

ಬಟ್ಟೆ ಕೊಳೆಯಾಗೋದು ಎರಡು ಕಡೆಯಿಂದ. ಹೊರಗಿಂದ ಬರೋದು ಧೂಳು, ಹೊಗೆ, ಸಾಂಬಾರು, ಮೆಷಿನ್ ಶಾಪಿನ ಗ್ರೀಸು. ಒಳಗಿಂದ ಬರೋದು ಬೆವರು, ಚರ್ಮದ ಎಣ್ಣೆ, ಉದುರುವ ಸತ್ತ ಚರ್ಮದ ಚೂರುಗಳು. ಹೊರಗಿನದು ಕಣ್ಣಿಗೆ ಕಾಣುತ್ತೆ, ಆದ್ದರಿಂದ ಒಗೀತೀವಿ. ಒಳಗಿನದು ಕಾಣಲ್ಲ. ಆದ್ರೆ ತೊಂದರೆ ಕೊಡೋದು ಹೆಚ್ಚಾಗಿ ಅದೇ.

ಬೆವರಿಗೆ ತನ್ನದೇ ವಾಸನೆ ಹೆಚ್ಚುಕಡಿಮೆ ಇಲ್ಲ. ಅದರ ಬಹುಪಾಲು ನೀರು, ಜೊತೆಗೆ ಉಪ್ಪು. ಕಂಕುಳಿನಂಥ ಜಾಗಗಳಲ್ಲಿರುವ ಬೇರೆ ಬಗೆಯ ಗ್ರಂಥಿಗಳು ಸ್ರವಿಸುವ ವಸ್ತುವನ್ನ ಚರ್ಮದ ಮೇಲಿನ ಬ್ಯಾಕ್ಟೀರಿಯಾ ಒಡೆದಾಗ ವಾಸನೆ ಹುಟ್ಟುತ್ತೆ. ಅಂದ್ರೆ ವಾಸನೆ ಬೇಕಾದ್ರೆ ಮೂರು ಸೇರಬೇಕು: ಆಹಾರ, ತೇವ, ಸಮಯ. ಇದರಲ್ಲಿ ಒಂದನ್ನ ಕಿತ್ತರೂ ಆಟ ನಿಲ್ಲುತ್ತೆ. ಒಗೆಯೋದು ಆಹಾರವನ್ನ ತೆಗೆಯುತ್ತೆ. ಒಣಗಿಸೋದು ತೇವವನ್ನ ತೆಗೆಯುತ್ತೆ. ಬೆವರಿದ ಟೀ ಶರ್ಟನ್ನ ಮುದ್ದೆ ಮಾಡಿ ಬ್ಯಾಗಿನೊಳಗೆ ತುರುಕಿದ್ರೆ ಮೂರನ್ನೂ ಸೇರಿಸಿ ಕೊಟ್ಟಂತೆ.

ನೂಲಿನ ಬಗೆಯೂ ಇಲ್ಲಿ ಲೆಕ್ಕಕ್ಕೆ ಬರುತ್ತೆ. 65 ಶೇಕಡಾ ಆರ್ದ್ರತೆಯ ಗಾಳಿಯಲ್ಲಿ ಹತ್ತಿ ತನ್ನ ಒಣತೂಕದ ಸುಮಾರು 8.5 ಶೇಕಡಾ ನೀರನ್ನ ಹಿಡಿದಿಟ್ಟುಕೊಳ್ಳುತ್ತೆ. ಪಾಲಿಯೆಸ್ಟರ್ ಹಿಡಿಯೋದು ಸುಮಾರು 0.4 ಶೇಕಡಾ. ಅದಕ್ಕೇ ಪಾಲಿಯೆಸ್ಟರ್ ಜೆರ್ಸಿ ಬೇಗ ಒಣಗುತ್ತೆ. ಆದ್ರೆ ನೀರನ್ನ ಒಲ್ಲದ ಆ ನೂಲು ಎಣ್ಣೆಯನ್ನ ಚೆನ್ನಾಗಿ ಹಿಡಿಯುತ್ತೆ. 2014ರಲ್ಲಿ ಬೆಲ್ಜಿಯಂನ ಗೆಂಟ್ ವಿಶ್ವವಿದ್ಯಾಲಯದ ಸಂಶೋಧಕರು 26 ಜನಕ್ಕೆ ಬೆವರು ಸುರಿಯುವಷ್ಟು ಸೈಕಲ್ ವ್ಯಾಯಾಮ ಮಾಡಿಸಿ ಅವರ ಟೀ ಶರ್ಟುಗಳನ್ನ ಪರೀಕ್ಷೆ ಮಾಡಿದ್ರು. ಹತ್ತಿ ಶರ್ಟುಗಳಿಗಿಂತ ಪಾಲಿಯೆಸ್ಟರ್ ಶರ್ಟುಗಳ ವಾಸನೆ ಅಸಹನೀಯವಾಗಿತ್ತು. ವಾಸನೆ ಹುಟ್ಟಿಸುವ ಮೈಕ್ರೋಕಾಕಸ್ ಬ್ಯಾಕ್ಟೀರಿಯಾ ಪಾಲಿಯೆಸ್ಟರ್ ಮೇಲೆ ಹುಲುಸಾಗಿ ಬೆಳೆದಿತ್ತು. ಫುಟ್‌ಬಾಲ್ ಟೀಮಿನ ಜೆರ್ಸಿ ಒಗೆದರೂ ಯಾಕೆ "ಇನ್ನೂ ಏನೋ ಇದೆ" ಅನ್ನಿಸುತ್ತೆ ಅನ್ನೋದಕ್ಕೆ ಉತ್ತರ ಇದರಲ್ಲಿದೆ.

ಆದ್ದರಿಂದ ಯಾವುದೇ ಬಟ್ಟೆ ಕೈಗೆ ತಗೊಂಡಾಗ ಮೂಗಿಗೆ ಕೇಳೋ ಮುಂಚೆ ಮೂರು ಪ್ರಶ್ನೆ ಕೇಳಿ:

ಇದು ಚರ್ಮಕ್ಕೆ ನೇರವಾಗಿ ತಾಗುತ್ತಾ?
ಇದು ಬೆವರಿನಿಂದಲೋ ನೀರಿನಿಂದಲೋ ತೇವ ಆಗುತ್ತಾ?
ಎಷ್ಟು ಗಂಟೆ ಮೈಮೇಲಿರುತ್ತೆ?

ಮೂರಕ್ಕೂ "ಹೌದು, ಜಾಸ್ತಿ" ಅಂತ ಉತ್ತರ ಬಂದ್ರೆ ಒಂದೇ ಬಳಕೆಗೆ ಒಗೆತ. ಮೂರಕ್ಕೂ "ಇಲ್ಲ, ಕಡಿಮೆ" ಅಂದ್ರೆ ವಾರಗಟ್ಟಲೆ ಬಿಟ್ಟರೂ ನಡೆಯುತ್ತೆ. ಮಿಕ್ಕಿದ್ದೆಲ್ಲ ಇವೆರಡರ ನಡುವೆ.

ಮಾಡ್ಯೂಲ್ 2: ಉಡೋ ಬಟ್ಟೆಗಳು

ಒಳಉಡುಪು, ಬನಿಯನ್, ಸಾಕ್ಸ್: ಒಂದು ಸಲ ಹಾಕಿದ ಮೇಲೆ ಒಗೆಯಲೇಬೇಕು. ಇದರಲ್ಲಿ ವಿನಾಯಿತಿ ಇಲ್ಲ, ಗ್ರೇಸ್ ಮಾರ್ಕ್ಸೂ ಇಲ್ಲ. ತಿರುಗಿಸಿ ಹಾಕ್ಕೊಂಡ್ರೆ ಹೊಸದಾಗಲ್ಲ. ವಾರಕ್ಕೆ ಏಳು ದಿನ ಅನ್ನೋದು ಎಲ್ಲರಿಗೂ ಗೊತ್ತಿದ್ದರೂ ಒಳಚಡ್ಡಿ ಮಾತ್ರ ನಾಲ್ಕೇ ತರ್ತೀವಿ. ಮುಂದಿನ ಸಲ ಊರಿಂದ ಬರುವಾಗ ಎಂಟೋ ಹತ್ತೋ ತನ್ನಿ. ಅರ್ಧ ಸಮಸ್ಯೆ ಅಲ್ಲೇ ಬಗೆಹರಿಯುತ್ತೆ.

ಜಿಮ್ಮು, ಕ್ರಿಕೆಟ್ಟು, ಡ್ಯಾನ್ಸ್ ಪ್ರಾಕ್ಟೀಸಿನ ಬಟ್ಟೆ: ಒಂದೇ ಸಲಕ್ಕೆ. ಅವತ್ತೇ ಒಗೆಯೋಕೆ ಆಗದಿದ್ರೆ ಹಗ್ಗದ ಮೇಲೆ ಹರವಿ ಒಣಗಿಸಿಯಾದರೂ ಇಡಿ. ಒದ್ದೆಯಾಗಿ ಮಡಚಿಡಬೇಡಿ.

ಶರ್ಟು, ಟೀ ಶರ್ಟು, ಕುರ್ತಾ, ಲೆಗ್ಗಿಂಗ್ಸ್: ಊರು ಮತ್ತು ಕಾಲ ನೋಡಿ. ಏಪ್ರಿಲ್ಲಿನ ಕಲಬುರಗಿ, ರಾಯಚೂರು, ಬಳ್ಳಾರಿಯಲ್ಲಿ ಅಥವಾ ಯಾವ ಕಾಲದಲ್ಲಾದರೂ ಮಂಗಳೂರಿನಲ್ಲಿ ಒಂದೇ ಸಲ. ಡಿಸೆಂಬರ್‌ನ ಬೆಂಗಳೂರಿನಲ್ಲಿ, ಒಳಗೆ ಬನಿಯನ್ ಇದ್ದು ಬೆವರಿಲ್ಲದಿದ್ರೆ ಎರಡು ಸಲ ಹಾಕಬಹುದು. ಮೈಗೆ ಬಿಗಿಯಾಗಿ ಅಂಟೋ ಲೆಗ್ಗಿಂಗ್ಸನ್ನ ಪ್ಯಾಂಟಿನ ಲೆಕ್ಕಕ್ಕೆ ಹಾಕಬೇಡಿ, ಶರ್ಟಿನ ಲೆಕ್ಕಕ್ಕೆ ಹಾಕಿ.

ಬ್ರಾ: ಎರಡು ಮೂರು ಸಲಕ್ಕೊಮ್ಮೆ, ಬೆವರಿದ ದಿನ ಅವತ್ತೇ. ಒಂದನ್ನೇ ಎರಡು ದಿನ ಸತತವಾಗಿ ಹಾಕೋದಕ್ಕಿಂತ ಒಂದು ದಿನ ಬಿಟ್ಟು ಹಾಕಿದ್ರೆ ಅದು ಪೂರ್ತಿ ಒಣಗೋಕೂ ಎಲಾಸ್ಟಿಕ್ ಮತ್ತೆ ಬಿಗಿಯಾಗೋಕೂ ಸಮಯ ಸಿಗುತ್ತೆ.

ರಾತ್ರಿಯ ಬಟ್ಟೆ: ಮೂರು ನಾಲ್ಕು ರಾತ್ರಿಗೊಮ್ಮೆ. ಸೆಕೆಗಾಲದಲ್ಲಿ ಇನ್ನೂ ಬೇಗ. "ರೂಮಿನೊಳಗೆ ತಾನೇ" ಅಂತ ತಿಂಗಳು ತಳ್ಳೋ ಶಾರ್ಟ್ಸು ನಿಮ್ಮ ಚರ್ಮದ ಜೊತೆ ದಿನಕ್ಕೆ ಹತ್ತು ಗಂಟೆ ಇರುತ್ತೆ ಅನ್ನೋದು ನೆನಪಿರಲಿ.

ಜೀನ್ಸು: ಐದರಿಂದ ಹತ್ತು ಸಲ ಹಾಕಿದ ಮೇಲೆ ಒಗೆದ್ರೆ ಸಾಕು. 2011ರಲ್ಲಿ ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದ ಒಬ್ಬ ವಿದ್ಯಾರ್ಥಿ ತನ್ನ ಜೀನ್ಸನ್ನ 15 ತಿಂಗಳು ಒಗೆಯದೆ ಹಾಕ್ಕೊಂಡ. ಆಮೇಲೆ ಒಗೆದು, ಮತ್ತೆ 13 ದಿನ ಹಾಕಿ, ಎರಡೂ ಸಲದ ಬ್ಯಾಕ್ಟೀರಿಯಾ ಪ್ರಮಾಣವನ್ನ ಅವನ ಪ್ರಾಧ್ಯಾಪಕರು ಹೋಲಿಸಿ ನೋಡಿದ್ರು. ಹೆಚ್ಚು ವ್ಯತ್ಯಾಸ ಇರಲಿಲ್ಲ. ಒಬ್ಬನ ಒಂದು ಪ್ಯಾಂಟಿನಿಂದ ಸಿದ್ಧಾಂತ ಕಟ್ಟೋಕಾಗಲ್ಲ, ಅದೂ ಕೆನಡಾದ ಚಳಿಯಲ್ಲಿ. ಆದರೂ ಒಳಉಡುಪಿನ ಮೇಲೆ ಹಾಕೋ ದಪ್ಪ ಡೆನಿಮ್ಮಿಗೆ ವಾರಕ್ಕೆರಡು ಸಲ ಸ್ನಾನ ಬೇಕಿಲ್ಲ ಅನ್ನೋದಕ್ಕೆ ಅದೊಂದು ಸೂಚನೆ. ಒಂದು ಎಚ್ಚರಿಕೆ: ತೊಡೆಸಂದಿಯಲ್ಲಿ ತುರಿಕೆ ಇರೋರಿಗೆ ಈ ರಿಯಾಯಿತಿ ಇಲ್ಲ. ಅವರು ಮಾಡ್ಯೂಲ್ 4 ಓದೋವರೆಗೆ ಬಿಗಿ ಜೀನ್ಸನ್ನ ಪಕ್ಕಕ್ಕಿಡಿ.

ಹೂಡಿ, ಸ್ವೆಟರ್: ಒಳಗೆ ಇನ್ನೊಂದು ಬಟ್ಟೆ ಇದ್ರೆ ಐದಾರು ಸಲಕ್ಕೊಮ್ಮೆ. ಜಾಕೆಟ್ ತಿಂಗಳಿಗೊಮ್ಮೆಯೋ ಚಳಿಗಾಲ ಮುಗಿದ ಮೇಲೊಮ್ಮೆಯೋ. ಪೆಟ್ಟಿಗೆಗೆ ಸೇರಿಸೋ ಮುಂಚೆ ಮಾತ್ರ ಒಗೆದೇ ಇಡಿ. ಕೊಳೆ ಉಣ್ಣೆ ನುಸಿಗೆ ಇಷ್ಟ.

ಲ್ಯಾಬ್ ಕೋಟು, ವರ್ಕ್‌ಶಾಪ್ ಖಾಕಿ: ವಾರಕ್ಕೊಮ್ಮೆ, ಮತ್ತು ಯಾವಾಗಲೂ ಬೇರೆಯಾಗಿ. ಕೆಮಿಸ್ಟ್ರಿ ಲ್ಯಾಬಿನ ಆಸಿಡ್ ಸಿಡಿದಿದ್ರೆ ಅವತ್ತೇ. ಫಿಟ್ಟಿಂಗ್, ಲೇತ್ ಕೆಲಸದ ಎಣ್ಣೆ ಮತ್ತು ಲೋಹದ ಪುಡಿ ಹಿಡಿದ ಖಾಕಿಯನ್ನ ಒಳಉಡುಪಿನ ಜೊತೆ ಒಂದೇ ಬಕೆಟ್ಟಿನಲ್ಲಿ ನೆನೆಹಾಕಿದ್ರೆ ಲೋಹದ ಪುಡಿ ಎಲ್ಲಿಗೆ ವರ್ಗಾವಣೆ ಆಗುತ್ತೆ ಅಂತ ನೀವೇ ಯೋಚಿಸಿ.

ಎತ್ನಿಕ್ ಡೇಗೆ, ರಾಜ್ಯೋತ್ಸವಕ್ಕೆ ಅಮ್ಮನಿಂದ ತಂದ ರೇಷ್ಮೆ ಸೀರೆ: ಒಂದು ದಿನ ಉಟ್ಟಿದ್ದಕ್ಕೆ ಒಗೆಯಬೇಡಿ. ರೇಷ್ಮೆ ಒಂದು ಪ್ರೋಟೀನು, ನಾವು ಬಳಸೋ ಕ್ಷಾರೀಯ ಡಿಟರ್ಜೆಂಟ್ ಅದನ್ನ ಹಾಳು ಮಾಡುತ್ತೆ. ನೆರಳಿನಲ್ಲಿ ಗಾಳಿಗೆ ಹರವಿ, ಬೆವರು ಆರಿದ ಮೇಲೆ ಮಡಚಿ. ರವಿಕೆಯನ್ನ ಮಾತ್ರ ಒಂದೇ ಸಲಕ್ಕೆ ಸ್ವಚ್ಛ ಮಾಡಿಸಿ. ಕಲೆಯಾಗಿದ್ರೆ ನೀವೇ ಉಜ್ಜೋಕೆ ಹೋಗದೆ ಡ್ರೈ ಕ್ಲೀನಿಂಗಿಗೆ ಕೊಡಿ, ಅಮ್ಮನಿಗೆ ನಿಜ ಹೇಳಿ.

ಮಾಡ್ಯೂಲ್ 3: ಹಾಸೋದು, ಹೊದೆಯೋದು, ಒರೆಸೋದು

ಇಲ್ಲಿ ಒಂದು ಸಣ್ಣ ಲೆಕ್ಕ. ರಾತ್ರಿಗೆ 7 ಗಂಟೆ ನಿದ್ದೆ ಅಂತ ಇಟ್ಕೊಳ್ಳಿ. ತಿಂಗಳಿಗೊಮ್ಮೆ ಒಗೆಯೋ ಬೆಡ್‌ಶೀಟು ನಿಮ್ಮ ಮೈ ಜೊತೆ ಕಳೆಯೋ ಸಮಯ 30 ಗುಣಿಸು 7, ಅಂದ್ರೆ 210 ಗಂಟೆ. ಕಾಲೇಜಿಗೆ ಹಾಕೋ ಶರ್ಟು ದಿನಕ್ಕೆ 10 ಗಂಟೆ ಮೈಮೇಲಿದ್ರೆ, ಅದೇ ಶರ್ಟನ್ನ ಒಗೆಯದೆ 21 ದಿನ ಹಾಕಿದ್ದಕ್ಕೆ ಸಮ. 21 ದಿನ ಒಂದೇ ಶರ್ಟಿನಲ್ಲಿ ಕ್ಲಾಸಿಗೆ ಬರೋರು ನಮ್ಮಲ್ಲಿ ಯಾರೂ ಇಲ್ಲ. ಅದೇ ಲೆಕ್ಕದ ಬೆಡ್‌ಶೀಟಿನ ಮೇಲೆ ಮಲಗೋರು ಎಷ್ಟು ಜನ ಅಂತ ಕೇಳಲ್ಲ ಬಿಡಿ. ಹಾಸ್ಟೆಲ್ಲಿನಲ್ಲಿ ಮಂಚ ಅಂದ್ರೆ ಸೋಫಾನೂ ಹೌದು, ಊಟದ ಟೇಬಲ್ಲೂ ಹೌದು, ಅಸೈನ್‌ಮೆಂಟ್ ಬರೆಯೋ ಜಾಗವೂ ಹೌದು. ಪಕ್ಕದ ರೂಮಿನವರು ಬಂದು ಕೂರೋದೂ ಅಲ್ಲೇ.

ಬೆಡ್‌ಶೀಟು: ವಾರಕ್ಕೊಮ್ಮೆ. ಚಳಿಗಾಲದಲ್ಲಿ ಎರಡು ವಾರ ಗರಿಷ್ಠ ಮಿತಿ. ಕೈಲಿ ಎರಡಿದ್ರೆ ಒಂದು ಹಗ್ಗದ ಮೇಲೆ, ಒಂದು ಮಂಚದ ಮೇಲೆ. ಮಳೆಗಾಲಕ್ಕೆ ಮೂರನೆಯದು ಇದ್ರೆ ಒಳ್ಳೇದು.

ದಿಂಬಿನ ಕವರು: ವಾರಕ್ಕೊಮ್ಮೆ, ತಲೆಗೆ ಎಣ್ಣೆ ಹಚ್ಚೋರು ಮತ್ತು ಮುಖದಲ್ಲಿ ಮೊಡವೆ ಇರೋರು ವಾರಕ್ಕೆ ಎರಡು ಸಲ. ಕೂದಲಿನ ಎಣ್ಣೆ ಕವರಿಗೆ, ಕವರಿನಿಂದ ಕೆನ್ನೆಗೆ ಬರುತ್ತೆ. ಫೇಸ್‌ವಾಶ್ ಬದಲಾಯಿಸೋ ಮುಂಚೆ ಕವರು ಬದಲಾಯಿಸಿ ನೋಡಿ, ಖರ್ಚು ಕಡಿಮೆ.

ಟವೆಲ್ಲು: ಮೂರು ನಾಲ್ಕು ಸಲ ಬಳಸಿದ ಮೇಲೆ, ಅದೂ ಪ್ರತಿ ಸಲದ ನಂತರ ಹರವಿ ಪೂರ್ತಿ ಒಣಗಿಸಿದ್ರೆ ಮಾತ್ರ. ಒಣಗದ ಟವೆಲ್ಲಿಗೆ ಈ ಲೆಕ್ಕ ಅನ್ವಯಿಸಲ್ಲ, ಅದನ್ನ ಅವತ್ತೇ ಒಗೆಯಬೇಕು. ಬಾಗಿಲ ಹಿಂದಿನ ಮೊಳೆಗೆ ಮುದ್ದೆಯಾಗಿ ನೇತುಹಾಕಿದ ದಪ್ಪ ಟರ್ಕಿ ಟವೆಲ್ಲು ಸಂಜೆಯಾದರೂ ಒಳಗೆ ಹಸಿಯಾಗೇ ಇರುತ್ತೆ. ಈ ವಿಷಯದಲ್ಲಿ ನಮ್ಮ ಅಜ್ಜಂದಿರ ತೆಳು ಹತ್ತಿ ಪಂಚೆಯೇ ಬುದ್ಧಿವಂತಿಕೆಯ ವಿನ್ಯಾಸ: ಎರಡು ಗಂಟೆಯಲ್ಲಿ ಒಣಗುತ್ತೆ, ಅರ್ಧ ಬಕೆಟ್ ನೀರಲ್ಲಿ ಒಗೆಯಬಹುದು. ಟವೆಲ್ಲಿಗೆ ಫ್ಯಾಬ್ರಿಕ್ ಸಾಫ್ಟ್‌ನರ್ ಹಾಕಬೇಡಿ. ಅದು ನೂಲಿನ ಮೇಲೆ ಪದರ ಕಟ್ಟುತ್ತೆ, ಟವೆಲ್ಲು ನೀರು ಹೀರೋದು ಕಡಿಮೆಯಾಗುತ್ತೆ.

ಹೊದಿಕೆ, ರಗ್ಗು: ಚರ್ಮಕ್ಕೂ ರಗ್ಗಿಗೂ ನಡುವೆ ಒಂದು ತೆಳು ಹತ್ತಿ ಹೊದಿಕೆ ಇದ್ರೆ ರಗ್ಗನ್ನ ಒಂದೆರಡು ತಿಂಗಳಿಗೊಮ್ಮೆ ಒಗೆದ್ರೆ ಸಾಕು. ಹೊದಿಕೆಯನ್ನ ಬೆಡ್‌ಶೀಟಿನ ಜೊತೆ ಒಗೆಯಿರಿ. ಊರಿಂದ ತಂದ ಕರಿ ಕಂಬಳಿಗೆ ಆಗಾಗ ಬಿಸಿಲು, ವರ್ಷಕ್ಕೆ ಒಂದೆರಡು ಸಲ ತಣ್ಣೀರಿನ ಒಗೆತ. ಬಿಸಿನೀರು ಹಾಕಿದ್ರೆ ಉಣ್ಣೆ ಕುಗ್ಗುತ್ತೆ.

ಹಾಸಿಗೆ: ಒಗೆಯೋಕಾಗಲ್ಲ, ಆದ್ರೆ ತಿಂಗಳಿಗೊಮ್ಮೆ ತಾರಸಿಗೆ ಹೊತ್ತು ಎರಡೂ ಮಗ್ಗುಲು ಬಿಸಿಲಿಗೆ ಹಾಕಬಹುದು. ನಮ್ಮ ಉದುರಿದ ಚರ್ಮವನ್ನ ತಿಂದು ಬದುಕೋ ಕಣ್ಣಿಗೆ ಕಾಣದ ಧೂಳುನುಸಿಗಳು ಹಾಸಿಗೆ ದಿಂಬುಗಳಲ್ಲಿ ಇರುತ್ತವೆ, ತೇವ ಇದ್ದಲ್ಲಿ ಹೆಚ್ಚುತ್ತವೆ. ಬೆಳಿಗ್ಗೆ ಏಳುತ್ತಿದ್ದಂತೆ ಸರಣಿ ಸೀನು ಬರೋರು, ಉಬ್ಬಸ ಇರೋರು ಈ ಸಾಲನ್ನ ಎರಡು ಸಲ ಓದಿ.

ಕಿಟಕಿ ಪರದೆ: ಸೆಮಿಸ್ಟರಿಗೊಮ್ಮೆ. ಪಾತ್ರೆ, ಟೇಬಲ್ ಒರೆಸೋ ಬಟ್ಟೆ: ದಿನವೂ. ರೂಮಿನಲ್ಲಿ ಕೆಟಲ್ ಇಟ್ಟು ಮ್ಯಾಗಿ ಮಾಡ್ಕೊಳ್ಳೋರ ಒರೆಸೋ ಬಟ್ಟೆಯಲ್ಲಿ ಅನ್ನದ ಅಗುಳು, ಹಾಲಿನ ಪಸೆ, ತೇವ ಎಲ್ಲ ಒಟ್ಟಿಗೇ ಇರುತ್ತೆ. ಮಾಡ್ಯೂಲ್ 1ರ ಸೂತ್ರ ಪೂರ್ತಿ ಹೊಂದುತ್ತೆ.

ಮಾಡ್ಯೂಲ್ 4: ಗಜಕರ್ಣ, ಕಜ್ಜಿ, ತಿಗಣೆ ಬಂದಾಗ

ಇಲ್ಲಿವರೆಗೆ ಹೇಳಿದ್ದು ಆರೋಗ್ಯವಾಗಿರೋರ ವೇಳಾಪಟ್ಟಿ. ರೂಮಿನಲ್ಲಿ ಒಬ್ಬರಿಗೆ ಚರ್ಮದ ತೊಂದರೆ ಶುರುವಾದ್ರೆ ವೇಳಾಪಟ್ಟಿ ಬದಲಾಗುತ್ತೆ.

ಗಜಕರ್ಣ, ಕೆಲವು ಊರುಗಳಲ್ಲಿ ಹುಳುಕಡ್ಡಿ ಅಂತಾರೆ, ಹೆಸರಿಗೆ ಹುಳ ಇದ್ದರೂ ಅದು ಹುಳ ಅಲ್ಲ, ಶಿಲೀಂಧ್ರ. ತೊಡೆಸಂದಿ, ಸೊಂಟ, ಕಂಕುಳು, ಅಂದ್ರೆ ಬೆವರು ನಿಲ್ಲೋ ಕಡೆ ದುಂಡಗೆ ಕೆಂಪು ಅಂಚು ಕಟ್ಟಿ ಹರಡುತ್ತೆ. ಅದರ ಬೀಜಾಣುಗಳು ಉದುರಿದ ಚರ್ಮದ ಜೊತೆ ಬಟ್ಟೆಯಲ್ಲಿ ಸೇರಿಕೊಂಡು ಬಹಳ ಕಾಲ ಬದುಕುತ್ತವೆ. ಟವೆಲ್ಲು, ಶಾರ್ಟ್ಸು, ಬೆಡ್‌ಶೀಟು ಅದರ ವಾಹನ. ಔಷಧಿ ಹಚ್ಚಿ ವಾಸಿಯಾಯ್ತು ಅಂದ್ಕೊಂಡ ಮೇಲೆ ಅದೇ ಒಗೆಯದ ಶಾರ್ಟ್ಸು ಹಾಕ್ಕೊಂಡ್ರೆ ಮತ್ತೆ ಮೊದಲಿಂದ ಶುರುವಾಗಬಹುದು.

ನಮ್ಮ ದೇಶದಲ್ಲಿ ಕಳೆದ ಹತ್ತು ಹದಿನೈದು ವರ್ಷಗಳಲ್ಲಿ ಇದು ಹಟಮಾರಿ ಕಾಯಿಲೆಯಾಗಿದೆ ಅಂತ ಚರ್ಮವೈದ್ಯರು ಎಚ್ಚರಿಸ್ತಿದ್ದಾರೆ. ಸಾಮಾನ್ಯ ಔಷಧಿಗೆ ಸುಲಭವಾಗಿ ಬಗ್ಗದ ಒಂದು ಬಗೆಗೆ 2020ರಲ್ಲಿ ಟ್ರೈಕೋಫೈಟಾನ್ ಇಂಡೊಟಿನಿಯೆ ಅಂತ ಹೆಸರಿಟ್ಟರು. ಆ ಹೆಸರಿನಲ್ಲೇ ಇಂಡಿಯಾ ಇದೆ. ಇದಕ್ಕೆ ಒಂದು ಕಾರಣ ನಾವು ಅಂಗಡಿಯಲ್ಲಿ ಕೇಳಿ ತಂದು ಹಚ್ಚೋ ಸ್ಟೀರಾಯ್ಡ್ ಬೆರೆತ ಕ್ರೀಮುಗಳು. ಎರಡು ದಿನದಲ್ಲಿ ತುರಿಕೆ ನಿಲ್ಲುತ್ತೆ, ಒಳಗೊಳಗೇ ಶಿಲೀಂಧ್ರ ಬೆಳೆಯುತ್ತೆ. ಆದ್ದರಿಂದ ರೂಮ್‌ಮೇಟ್ ಹಚ್ಚೋ ಟ್ಯೂಬ್ ಕೇಳಬೇಡಿ. ಡಾಕ್ಟರ ಹತ್ತಿರ ಹೋಗಿ, ಅವರು ಹೇಳಿದಷ್ಟು ದಿನ ಪೂರ್ತಿ ತಗೊಳ್ಳಿ. ನಾಚಿಕೊಳ್ಳೋ ಕಾಯಿಲೆ ಇದಲ್ಲ.

ಬಟ್ಟೆಯ ಕಡೆಯಿಂದ ಮಾಡಬೇಕಾದ್ದು ಇಷ್ಟು. ಆ ದಿನಗಳಲ್ಲಿ ಆ ಜಾಗಕ್ಕೆ ತಾಗೋ ಪ್ರತಿ ಬಟ್ಟೆಯೂ ಒಂದೇ ಬಳಕೆಗೆ ಒಗೆತಕ್ಕೆ, ಜೀನ್ಸೂ ಸೇರಿ. ಟವೆಲ್ಲು ದಿನವೂ. ಬೆಡ್‌ಶೀಟು ಎರಡು ಮೂರು ದಿನಕ್ಕೊಮ್ಮೆ. ಬೇರೆಯವರ ಬಟ್ಟೆ ಜೊತೆ ಒಂದೇ ಬಕೆಟ್ಟಿನಲ್ಲಿ ನೆನೆಹಾಕಬಾರದು, ಒಂದೇ ಮೆಷಿನ್ ಲೋಡಿಗೆ ಸೇರಿಸಬಾರದು. ಮತ್ತು ನೀರು ಬಿಸಿ ಇರಬೇಕು: 60 ಡಿಗ್ರಿ ಸೆಲ್ಸಿಯಸ್ಸಿನ ಒಗೆತ ಈ ಶಿಲೀಂಧ್ರವನ್ನ ಕೊಲ್ಲುತ್ತೆ, 30 ಡಿಗ್ರಿಯ ಒಗೆತದಲ್ಲಿ ಅದು ಉಳಿದುಕೊಳ್ಳಬಹುದು.

ಹಾಸ್ಟೆಲ್ಲಿನಲ್ಲಿ 60 ಡಿಗ್ರಿ ಎಲ್ಲಿಂದ ತರೋದು? ಒಂದನೇ ಸೆಮಿಸ್ಟರಿನ ಶಾಖದ ಸಮತೋಲನ ಸಾಕು. ಬೆಂಗಳೂರಿನ ಎತ್ತರದಲ್ಲಿ ನೀರು ಸುಮಾರು 97 ಡಿಗ್ರಿಗೆ ಕುದಿಯುತ್ತೆ. ನಲ್ಲಿ ನೀರು 25 ಡಿಗ್ರಿ ಅಂತ ಇಟ್ಕೊಂಡ್ರೆ, ಎರಡನ್ನೂ ಸಮ ಅಳತೆಯಲ್ಲಿ ಬೆರೆಸಿದ್ರೆ 61. ಬಕೆಟ್ಟೂ ಬಟ್ಟೆಯೂ ಒಂದಿಷ್ಟು ಶಾಖ ಎಳ್ಕೊಳ್ಳುತ್ತೆ, ಆದ್ದರಿಂದ ಕುದಿನೀರು ಸ್ವಲ್ಪ ಮುಂದಿರಲಿ. ಒಂದೂವರೆ ಲೀಟರ್ ಕೆಟಲ್ಲಿನಿಂದ ಮೂರು ಲೀಟರಿಗೆ ಹತ್ತಿರ ಬಿಸಿನೀರು ಆಗುತ್ತೆ. ಎರಡು ದಿನದ ಒಳಉಡುಪು, ಸಾಕ್ಸು, ಒಂದು ತೆಳು ಪಂಚೆಗೆ ಅಷ್ಟು ಸಾಕು. ಮುಚ್ಚಿ ಇಟ್ಟು ಆಮೇಲೆ ಕೋಲಿನಿಂದ ತಿರುವಿ, ಕೈ ಹಾಕಬೇಡಿ. ಬಿಸಿಲಿನಲ್ಲಿ ಒಳಮಗ್ಗುಲು ಹೊರಗೆ ಮಾಡಿ ಒಣಗಿಸಿ, ಹೊಲಿಗೆ ಮತ್ತು ಸೊಂಟದ ಪಟ್ಟಿ ಮೇಲೆ ಇಸ್ತ್ರಿ ಎಳೆಯಿರಿ. ಕಾಟನ್ ಗುರುತಿನಲ್ಲಿಟ್ಟ ಇಸ್ತ್ರಿಪೆಟ್ಟಿಗೆ 200 ಡಿಗ್ರಿ ಹತ್ತಿರ ಇರುತ್ತೆ.

ಇದು ಹೊಸ ವಿದ್ಯೆ ಏನಲ್ಲ. ನಮ್ಮ ಊರುಗಳ ಮಡಿವಾಳರು ಚೌಳು ಮಣ್ಣಿನ ನೀರಲ್ಲಿ ಬಟ್ಟೆ ಅದ್ದಿ, ಭಾನಿಯ ಮೇಲೆ ಪೇರಿಸಿ, ಹಬೆಯಲ್ಲಿ ಬೇಯಿಸಿ ಆಮೇಲೆ ಕಲ್ಲಿಗೆ ಬಡಿಯುತ್ತಿದ್ರು. ಅದಕ್ಕೆ ಉಬ್ಬೆಗೆ ಹಾಕೋದು ಅಂತ ಹೆಸರು. ಚೌಳಿನಲ್ಲಿರೋದು ವಾಷಿಂಗ್ ಸೋಡಾದ ಸಂಬಂಧಿ ಲವಣಗಳು. ಹಬೆ ಅಂದ್ರೆ 60ನ್ನ ಯಾವಾಗಲೋ ದಾಟಿದ ಶಾಖ. ಕ್ಷಾರ, ಶಾಖ, ಬಡಿತ, ಬಿಸಿಲು ನಾಲ್ಕೂ ಅದರಲ್ಲಿತ್ತು. ಊರಿನ ಬಾಣಂತಿಯ ಬಟ್ಟೆ, ಕಾಯಿಲೆಯವರ ಹಾಸಿಗೆ ಒಗೆದು ಊರನ್ನ ಕಾಪಾಡಿದ ಕೆಲಸ ಅದು. ಆ ಕೆಲಸಕ್ಕೆ ಸಿಗಬೇಕಾದ ಗೌರವ ಸಿಗಲಿಲ್ಲ ಅನ್ನೋದನ್ನೂ ಇದರ ಜೊತೆಗೇ ಹೇಳಬೇಕು.

ಕಜ್ಜಿಯ ಕಥೆ ಬೇರೆ. ಅದು ಚರ್ಮದೊಳಗೆ ಕೊರೆಯೋ ಸಣ್ಣ ನುಸಿಯಿಂದ ಬರೋದು. ಮನುಷ್ಯನ ಮೈಯಿಂದ ದೂರವಾದ್ರೆ ಸಾಮಾನ್ಯವಾಗಿ ಎರಡು ಮೂರು ದಿನಕ್ಕಿಂತ ಜಾಸ್ತಿ ಬದುಕಲ್ಲ. ಚಿಕಿತ್ಸೆ ಶುರುವಾದ ದಿನ ಹಿಂದಿನ ಮೂರು ದಿನ ಬಳಸಿದ ಬಟ್ಟೆ, ಬೆಡ್‌ಶೀಟು, ಟವೆಲ್ಲು ಎಲ್ಲ ಬಿಸಿನೀರಿನಲ್ಲಿ ಒಗೆಯಿರಿ. ಒಗೆಯೋಕಾಗದ್ದನ್ನ ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ ಒಂದು ವಾರ ಮುಟ್ಟದೆ ಇಡಿ. ರೂಮಿನವರೆಲ್ಲ ಒಟ್ಟಿಗೇ ಡಾಕ್ಟರಿಗೆ ತೋರಿಸಬೇಕು. ತಿಗಣೆಗೂ ಬಿಸಿನೀರೇ ಮದ್ದು, 60 ಡಿಗ್ರಿಯಲ್ಲಿ ಮೊಟ್ಟೆ ಸಮೇತ ಸಾಯುತ್ತೆ. ಆದ್ರೆ ಮಂಚದ ಸಂದಿಯಲ್ಲಿರೋದು ಬೆಡ್‌ಶೀಟು ಒಗೆದ್ರೆ ಹೋಗಲ್ಲ. ಅದಕ್ಕೆ ವಾರ್ಡನ್ನಿಗೆ ಅರ್ಜಿ ಕೊಟ್ಟು ಇಡೀ ಮಹಡಿಗೆ ಒಟ್ಟಿಗೆ ಕೆಲಸ ಮಾಡಿಸಬೇಕು.

ಮಾಡ್ಯೂಲ್ 5: ಒಗೆಯೋದು, ಒಣಗಿಸೋದು, ನೀರಿನ ಲೆಕ್ಕ

1959ರಲ್ಲಿ ಜರ್ಮನಿಯ ಹೆರ್ಬರ್ಟ್ ಸಿನ್ನರ್ ಒಗೆತವನ್ನ ನಾಲ್ಕು ಭಾಗದ ಒಂದು ವೃತ್ತವಾಗಿ ವಿವರಿಸಿದ್ರು: ರಾಸಾಯನಿಕ, ಶಾಖ, ಉಜ್ಜಾಟ, ಸಮಯ. ಒಂದು ಕಡಿಮೆಯಾದ್ರೆ ಇನ್ನೊಂದು ಹೆಚ್ಚಬೇಕು. ತಣ್ಣೀರಿನಲ್ಲಿ ಒಗೆಯೋ ನಮಗೆ ಶಾಖದ ಭಾಗ ಸಣ್ಣದು, ಆದ್ದರಿಂದ ಸಮಯ ಮತ್ತು ಉಜ್ಜಾಟ ಬೇಕು. ಅರ್ಧ ಗಂಟೆ ನೆನೆಸಿ. ಕಾಲರು, ಕಂಕುಳು, ಸೊಂಟದ ಪಟ್ಟಿ ಉಜ್ಜಿ. ರಾತ್ರಿಯಿಡೀ, ಅಥವಾ "ನಾಳೆ ಒಗೀತೀನಿ" ಅಂತ ಎರಡು ದಿನ ನೆನೆಹಾಕೋದು ಒಗೆತ ಅಲ್ಲ, ಬ್ಯಾಕ್ಟೀರಿಯಾ ಸಾಕಾಣಿಕೆ.

ಬೋರ್‌ವೆಲ್ ನೀರಿನ ಕ್ಯಾಂಪಸ್ಸುಗಳಲ್ಲಿ ಗಡಸುತನದ ತೊಂದರೆ ಇದೆ. ಕ್ಯಾಲ್ಸಿಯಂ, ಮೆಗ್ನೀಸಿಯಂ ಸೋಪಿನ ಜೊತೆ ಸೇರಿ ನೊರೆಯ ಬದಲು ಕರಗದ ಬಿಳಿ ಕಸ ಆಗುತ್ತೆ, ಬಟ್ಟೆ ಬಿರುಸಾಗಿ ಮಾಸಲು ಬಣ್ಣಕ್ಕೆ ತಿರುಗುತ್ತೆ. ಕುಡಿಯೋ ನೀರಿನ ಭಾರತೀಯ ಮಾನಕದಲ್ಲಿ ಗಡಸುತನಕ್ಕೆ ಒಪ್ಪುವ ಮಿತಿ ಲೀಟರಿಗೆ 200 ಮಿಲಿಗ್ರಾಂ, ಬೇರೆ ಮೂಲ ಇಲ್ಲದಾಗ 600. ನಿಮ್ಮ ಹಾಸ್ಟೆಲ್ ನೀರು ಎಷ್ಟಿದೆ ಅಂತ ಕೆಮಿಸ್ಟ್ರಿ ಲ್ಯಾಬಿನ ಇಡಿಟಿಎ ಟೈಟ್ರೇಷನ್ ದಿನ ನೀವೇ ಅಳೆದು ನೋಡಬಹುದು. ಇಂಥ ನೀರಿಗೆ ಬಾರ್ ಸೋಪಿಗಿಂತ ಡಿಟರ್ಜೆಂಟ್ ವಾಸಿ. ಆದ್ರೆ ಪುಡಿ ಜಾಸ್ತಿ ಸುರಿದ್ರೆ ಬಟ್ಟೆ ಜಾಸ್ತಿ ಸ್ವಚ್ಛ ಆಗಲ್ಲ. ಜಾಲಿಸೋಕೆ ನೀರು ಜಾಸ್ತಿ ಬೇಕಾಗುತ್ತೆ, ಉಳಿದ ಪುಡಿ ಮೈ ಕಡಿಸುತ್ತೆ.

ಒಗೆದ ಬಟ್ಟೆ ನಿಧಾನವಾಗಿ ಒಣಗಿದ್ರೆ ಬರೋ ಮುಗ್ಗಲು ವಾಸನೆಗೆ ಮುಖ್ಯ ಕಾರಣ ಮೊರಾಕ್ಸೆಲ್ಲಾ ಓಸ್ಲೋಯೆನ್ಸಿಸ್ ಅನ್ನೋ ಬ್ಯಾಕ್ಟೀರಿಯಾ ಅಂತ 2012ರಲ್ಲಿ ಜಪಾನಿನ ಸಂಶೋಧಕರು ಗುರುತಿಸಿದ್ರು. ಮಲೆನಾಡು, ಕರಾವಳಿಯ ಜುಲೈ ತಿಂಗಳಲ್ಲಿ ಒಗೆಯೋದಕ್ಕಿಂತ ಒಣಗಿಸೋದೇ ದೊಡ್ಡ ಕೆಲಸ. ಕಮ್ಮಿ ಕಮ್ಮಿಯಾಗಿ ಪದೇ ಪದೇ ಒಗೆಯಿರಿ, ಚೆನ್ನಾಗಿ ಹಿಂಡಿ ಒದರಿ, ಬಟ್ಟೆ ಬಟ್ಟೆಗೂ ನಾಲ್ಕು ಬೆರಳು ಜಾಗ ಬಿಟ್ಟು ಫ್ಯಾನಿನ ಕೆಳಗೆ ಕಿಟಕಿ ತೆರೆದು ಹಾಕಿ.

ಇದರ ಜೊತೆ ಇನ್ನೊಂದು ಮಾತನ್ನ ನೇರವಾಗಿ ಹೇಳಬೇಕು. ಹುಡುಗಿಯರ ಹಾಸ್ಟೆಲ್ಲುಗಳಲ್ಲಿ ಒಳಉಡುಪನ್ನ, ಮುಟ್ಟಿನ ಬಟ್ಟೆಯನ್ನ ದುಪಟ್ಟಾ ಕೆಳಗೆ ಮುಚ್ಚಿ, ಬಾತ್‌ರೂಮಿನ ಮೂಲೆಯಲ್ಲಿ, ಕತ್ತಲಲ್ಲಿ ಒಣಗಿಸೋ ಅಭ್ಯಾಸ ಇದೆ. ಚರ್ಮದ ಅತಿ ಸೂಕ್ಷ್ಮ ಜಾಗಕ್ಕೆ ತಾಗೋ ಬಟ್ಟೆಗೇ ಬಿಸಿಲು ಸಿಗದ ಹಾಗಾಗುತ್ತೆ. ಯಾರು ನೋಡ್ತಾರೋ ಅನ್ನೋ ಸಂಕೋಚಕ್ಕೆ ತುರಿಕೆಯನ್ನ ಬೆಲೆಯಾಗಿ ಕೊಡಬೇಕಾ? ತಾರಸಿಯ ಒಂದು ಭಾಗಕ್ಕೆ ಹಗ್ಗ ಮತ್ತು ಮರೆ ಕೇಳೋದು ನ್ಯಾಯವಾದ ಬೇಡಿಕೆ. ಹಾಸ್ಟೆಲ್ ಕಮಿಟಿ ಮೀಟಿಂಗಿನಲ್ಲಿ ವೈಫೈ ಜೊತೆ ಇದನ್ನೂ ಕೇಳಿ.

ಇಷ್ಟೆಲ್ಲ ಒಗೆದ್ರೆ ನೀರು ಎಲ್ಲಿಂದ ಬರಬೇಕು ಅಂತ ಕೇಳಬಹುದು. 2024ರ ಬೇಸಿಗೆಯಲ್ಲಿ ಬೆಂಗಳೂರು ಟ್ಯಾಂಕರಿಗೆ ಕಾದಿದ್ದು ಯಾರಿಗೂ ಮರೆತಿಲ್ಲ. ಅದಕ್ಕೇ ಕಾಣೋ ಬಟ್ಟೆಗಳ ಒಗೆತ ಕಡಿಮೆ ಮಾಡಿ ಅಂದಿದ್ದು. ಒಂದು ಜೀನ್ಸಿಗೆ 15 ಲೀಟರಿನ ಎರಡು ಬಕೆಟ್ ನೀರು ಅಂತ ಇಟ್ಕೊಳ್ಳಿ, 30 ಲೀಟರ್. 300 ಜನರ ಹಾಸ್ಟೆಲ್ಲಿನಲ್ಲಿ ಪ್ರತಿಯೊಬ್ಬರೂ ವಾರಕ್ಕೆ ಒಂದು ಸಲ ಜೀನ್ಸ್ ಒಗೆಯೋದನ್ನ ಬಿಟ್ಟರೆ 9,000 ಲೀಟರ್ ಉಳಿಯುತ್ತೆ. 6,000 ಲೀಟರಿನ ಟ್ಯಾಂಕರ್ ಒಂದೂವರೆ. ಆ ನೀರಿನಲ್ಲಿ ಎಲ್ಲರ ಬೆಡ್‌ಶೀಟೂ ವಾರವಾರ ಒಗೆಯಬಹುದು. ಹೊಸ ನೀರು ಬೇಡ, ಇರೋ ನೀರನ್ನ ಬೇರೆ ಬಟ್ಟೆಗೆ ತಿರುಗಿಸಿದ್ರೆ ಸಾಕು.

ತಿಂಗಳ ಬಟ್ಟೆಯನ್ನೆಲ್ಲ ಮೂಟೆ ಕಟ್ಟಿ ಊರಿಗೆ ಒಯ್ಯೋರಿಗೆ ಒಂದು ಮಾತು. ಬೆವರಿದ ಬಟ್ಟೆ ಮೂಟೆಯೊಳಗೆ ತಿಂಗಳಿಟ್ಟರೆ ಬೂಷ್ಟಿನ ಕಪ್ಪು ಚುಕ್ಕೆ ಬೀಳುತ್ತೆ, ಅದು ಒಗೆದರೂ ಹೋಗಲ್ಲ. ಮತ್ತು ಅಮ್ಮನಿಗೆ ಭಾನುವಾರ ಅನ್ನೋದು ಇರಬೇಕು.

ಪ್ರಾಕ್ಟಿಕಲ್ ಇವತ್ತೇ ಮಾಡಿ. ನಿಮ್ಮ ರೂಮಿನಲ್ಲಿ ಎಷ್ಟು ಜನ ಇದ್ದೀರಿ, ಎಷ್ಟು ಟವೆಲ್ಲು ಇದೆ ಎಣಿಸಿ. ಟವೆಲ್ಲಿನ ಸಂಖ್ಯೆ ಜನರ ಸಂಖ್ಯೆಗಿಂತ ಕಡಿಮೆ ಬಂದ್ರೆ ಅವತ್ತೇ ಅಂಗಡಿಗೆ ಹೋಗಿ. ಸಮ ಬಂದ್ರೆ ಪಾಸು. ಎರಡರಷ್ಟು ಬಂದ್ರೆ ಡಿಸ್ಟಿಂಕ್ಷನ್. ಆಮೇಲೆ ಬೆಡ್‌ಶೀಟನ್ನ ಮಂಚದಿಂದ ಎಳೆದು ಬಕೆಟ್ಟಿಗೆ ಹಾಕಿ, ಮಧ್ಯಾಹ್ನದ ಬಿಸಿಲು ಇನ್ನೂ ಇದೆ.